ದುರ್ಗದ ಸೀಮೆಯಲ್ಲಿ ಒಂದು ಪರೀಕ್ಷೆಯ ಭಾನುವಾರ

ಚಿತ್ರದುರ್ಗಕ್ಕೆ ಹೋದವರು ಕೋಟೆಯನ್ನು ನೋಡಿ, ಒನಕೆ ಓಬವ್ವನ ಕಿಂಡಿಯಲ್ಲಿ ತಲೆ ತೂರಿಸಿ, ಸಂಜೆಯ ಬಸ್ಸಿಗೆ ಹಿಂದಿರುಗುವುದು ವಾಡಿಕೆ. ನಾನೂ ಅಷ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಟವನು. ಮೂರು ದಿನಗಳ ತರುವಾಯ ಮರಳಿ ಬಂದಾಗ ಕೋಟೆಯ ಕಲ್ಲುಗಳಿಗಿಂತ ಹೆಚ್ಚಾಗಿ ನನ್ನ ನೆನಪಿನಲ್ಲಿ ಉಳಿದದ್ದು ಐವರು ಮಕ್ಕಳು, ಒಂದು ಉತ್ತರಪತ್ರಿಕೆ ಮತ್ತು ಒಬ್ಬ ಹುಡುಗಿಯ ಹೆಸರಿನಲ್ಲಿ ಎಲ್ಲಿಯೋ ಬಿಟ್ಟುಹೋದ ಒಂದು ದೀರ್ಘ.

ಮೊದಲು ಕೋಟೆಯ ಮಾತು. ಏಳು ಸುತ್ತಿನ ಈ ಕೋಟೆಯನ್ನು ಹೈದರಾಲಿಯು 1779ರಲ್ಲಿ ಮದಕರಿ ನಾಯಕನಿಂದ ವಶಪಡಿಸಿಕೊಂಡ ಕಥೆಯನ್ನು ಮಾರ್ಗದರ್ಶಿಗಳು ಇಂದಿಗೂ ಕಣ್ಣೊರೆಸಿಕೊಳ್ಳುವಂತೆ ಹೇಳುತ್ತಾರೆ. ನನಗೆ ದೊರೆತ ಮಾರ್ಗದರ್ಶಿಯು ಕಿಂಡಿಯ ಮುಂದೆ ಒನಕೆಯನ್ನು ಎತ್ತಿದಂತೆ ಅಭಿನಯಿಸಿದಾಗ, ಪ್ರವಾಸಕ್ಕೆ ಬಂದಿದ್ದ ಶಾಲೆಯ ಮಕ್ಕಳೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಆದರೆ ಈ ಗಿರಿದುರ್ಗದ ನಿಜವಾದ ಜಾಣ್ಮೆಯಿರುವುದು ಅದರ ಹೊಂಡಗಳಲ್ಲಿ. ಗೋಪಾಲಸ್ವಾಮಿ ಹೊಂಡವು ತುಂಬಿ ಹೆಚ್ಚಾದ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆ ಹೊಂಡಕ್ಕೆ ಹರಿದುಬರುವಂತೆ ಹಿಂದಿನವರು ಕಟ್ಟಿದ್ದಾರೆ. ಮಳೆಯೇ ಅಪರೂಪವಾದ ಸೀಮೆಯಲ್ಲಿ ಒಂದು ಹನಿಯೂ ದಾರಿ ತಪ್ಪಬಾರದೆಂಬ ಲೆಕ್ಕಾಚಾರವದು.

ಊರಿನ ಮಗ್ಗುಲಲ್ಲಿರುವ ಚಂದ್ರವಳ್ಳಿಗೂ ಹೋದೆ. 1947ರಲ್ಲಿ ವ್ಹೀಲರ್ ಸಾಹೇಬರು ಉತ್ಖನನ ನಡೆಸಿದ ಈ ಕಣಿವೆಯಲ್ಲಿ, ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ, ಕದಂಬ ಮಯೂರಶರ್ಮನ ಶಾಸನವಿದೆ. ಈ ಮಯೂರಶರ್ಮನ ಪೂರ್ವಕಥೆಯನ್ನು ತಾಳಗುಂದದ ಶಾಸನವು ಹೇಳುತ್ತದೆ. ನಾಲ್ಕನೆಯ ಶತಮಾನದಲ್ಲಿ ಗುರುವಾದ ವೀರಶರ್ಮನೊಡನೆ ಉನ್ನತ ವಿದ್ಯೆಗಾಗಿ ಕಾಂಚಿಯ ಘಟಿಕೆಗೆ ಹೋದ ತರುಣನು ಅಲ್ಲಿ ಪಲ್ಲವರ ಕುದುರೆಯಾಳುಗಳೊಡನೆ ಜಗಳವಾಗಿ ಅವಮಾನಿತನಾದನು. ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದು ರಾಜ್ಯವನ್ನೇ ಕಟ್ಟಿದನು. ಕಾಲೇಜಿನ ಬಾಗಿಲಲ್ಲಿ ಮನನೊಂದ ವಿದ್ಯಾರ್ಥಿಗಳೆಲ್ಲರೂ ಹೀಗೆ ಮಾಡಲಾಗುವುದಿಲ್ಲವೆಂಬುದು ಬೇರೆ ಮಾತು. ನನಗೆ ವಿಶೇಷವೆಂದು ತೋರಿದ್ದು ಬೇರೊಂದು: ಅಷ್ಟೆಲ್ಲ ಪರಾಕ್ರಮ ತೋರಿದ ದೊರೆಯು ಚಂದ್ರವಳ್ಳಿಯ ಬಂಡೆಯ ಮೇಲೆ ಬರೆಯಿಸಿರುವುದು ಒಂದು ಕೆರೆಯ ವಿಷಯ.

ಆ ಬಂಡೆಯ ಬಳಿ ನಿಂತಿದ್ದಾಗಲೇ ಮಿತ್ರರಿಂದ ದೂರವಾಣಿ ಕರೆ ಬಂದಿತು. ಅವರು ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಮೇಷ್ಟ್ರಾಗಿದ್ದು ನಿವೃತ್ತರಾದವರು. “ಕೋಟೆ ಎಲ್ಲಿಗೂ ಓಡಿಹೋಗೋದಿಲ್ಲ ಸ್ವಾಮಿ. ನಾಳೆ ಭಾನುವಾರ ನಮ್ಮ ಐದು ಮಕ್ಕಳು ಪರೀಕ್ಷೆಗೆ ಕೂತ್ಕೊತಾರೆ. ಇವತ್ತೇ ಬಂದುಬಿಡಿ. ಕರ್ಕೊಂಡು ಹೋಗೋಕೆ ಇನ್ನೊಬ್ಬ ದೊಡ್ಡೋರು ಇದ್ದರೆ ಒಳ್ಳೇದು” ಎಂದರು. ನಿವೃತ್ತರಾದರೂ ಪರೀಕ್ಷೆಯ ಕಾಲ ಬಂದಾಗ ಅವರಿಗೆ ಶಾಲೆಯ ಜ್ವರ ಬಿಡುವುದಿಲ್ಲ.

ಹೊಳಲ್ಕೆರೆಯ ಮಾರ್ಗವಾಗಿ ಬಸ್ಸು ಹೊರಟಿತು. ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಬಯಲು ಕಳೆದು ಅಡಿಕೆಯ ತೋಟಗಳು ಬಂದವು. ಈ ತಾಲ್ಲೂಕಿನ ಮಲ್ಲಾಡಿಹಳ್ಳಿಯು ರಸ್ತೆಯಿಂದ ಸರಿದು ಇರುವ ಕಾರಣ ಅಂದು ಅಲ್ಲಿಗೆ ಹೋಗಲು ಅವಕಾಶವಾಗಲಿಲ್ಲ. ಆದರೂ ಆ ಹೆಸರು ಕೇಳಿದೊಡನೆ ರಾಘವೇಂದ್ರ ಸ್ವಾಮಿಗಳ ನೆನಪಾಗದಿರದು. ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅವರು 1996ರಲ್ಲಿ ತೀರಿಕೊಳ್ಳುವವರೆಗೂ ಊರೂರು ಬೇಡಿ ತಂದ ಹಣದಿಂದ ಅನಾಥ ಸೇವಾಶ್ರಮದ ಶಾಲೆಗಳನ್ನು ಬೆಳೆಸಿದರು. ಇದೇ ಜಿಲ್ಲೆಯ ಸಿರಿಗೆರೆಯಲ್ಲಿ ಮಠದ ಆಸರೆಯಲ್ಲಿ ಬಡ ಮಕ್ಕಳು ಉಂಡು ಓದಿದರು. ಅದಕ್ಕೂ ಹಿಂದೆ ವಾರಾನ್ನದ ಕಾಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅಂದು ಬಡ ಹುಡುಗನ ವಿದ್ಯೆಯು ಯಾರ ಮನೆಯ ಬಾಗಿಲು ತೆರೆಯುವುದೆಂಬುದನ್ನು ಅವಲಂಬಿಸಿತ್ತು. ಬೇಡುವ ಆ ಸಂಕೋಚವನ್ನು ತಪ್ಪಿಸಿದುದು ಪರೀಕ್ಷೆಯ ದೊಡ್ಡ ಉಪಕಾರವೆಂದು ನಾನು ಅಂದುಕೊಂಡಿದ್ದೆ. ಅರ್ಧ ಮಾತ್ರ ನಿಜವೆಂದು ಆ ರಾತ್ರಿ ತಿಳಿಯಿತು.

ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಎಂಟನೆಯ ತರಗತಿಯ ಮೂವರು ಹುಡುಗರು, ಇಬ್ಬರು ಹುಡುಗಿಯರು ಕುಳಿತಿದ್ದರು. ಮರುದಿನ ಅವರು ಬರೆಯಬೇಕಾಗಿದ್ದುದು ಎನ್.ಎಂ.ಎಂ.ಎಸ್. ಪರೀಕ್ಷೆ. ಹೆಸರು ಉದ್ದವಾದರೂ ಸಂಗತಿ ಸರಳ. ಬಡತನದಿಂದ ಎಂಟನೆಯ ತರಗತಿಗೇ ಓದು ನಿಲ್ಲಿಸುವ ಮಕ್ಕಳನ್ನು ದ್ವಿತೀಯ ಪಿ.ಯು.ಸಿ.ವರೆಗೆ ಉಳಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರವು 2008ರಲ್ಲಿ ಇದನ್ನು ಆರಂಭಿಸಿತು. ದೇಶದಲ್ಲಿ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿವೇತನಗಳು. ಕರ್ನಾಟಕದ ಪಾಲು 5,534. ಮೊದಲು ವರ್ಷಕ್ಕೆ 6,000 ರೂಪಾಯಿ ಇದ್ದುದು 2017ರಿಂದ 12,000 ಆಗಿದೆ. ತಂದೆತಾಯಿಯರ ವರಮಾನ ವರ್ಷಕ್ಕೆ ಮೂರೂವರೆ ಲಕ್ಷವನ್ನು ಮೀರಿರಬಾರದು. ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಯ ಶಾಲೆಯಲ್ಲಿ ಓದುತ್ತಿರಬೇಕು. ಬೆಳಿಗ್ಗೆ ಬುದ್ಧಿಶಕ್ತಿಯ 90 ಪ್ರಶ್ನೆಗಳು, ಮಧ್ಯಾಹ್ನ ವಿಜ್ಞಾನ, ಸಮಾಜ, ಗಣಿತಗಳ 90 ಪ್ರಶ್ನೆಗಳು. ಒಂದೊಂದಕ್ಕೆ 90 ನಿಮಿಷ. ಪ್ರಶ್ನೆಗೆ ಒಂದು ನಿಮಿಷ! ತಪ್ಪಿಗೆ ಅಂಕ ಕಳೆಯುವುದಿಲ್ಲವೆಂಬುದೊಂದು ಸಮಾಧಾನ. ನೂರಕ್ಕೆ 40, ಪರಿಶಿಷ್ಟರಿಗೆ 32 ಅಂಕ ಬಂದರೆ ತೇರ್ಗಡೆ. ಆದರೆ ತೇರ್ಗಡೆಯಾದವರೆಲ್ಲರಿಗೂ ಹಣವಿಲ್ಲ. ಜಿಲ್ಲೆಯ ಪಾಲು ಮುಗಿಯುವವರೆಗೆ ಮಾತ್ರ.

ಮಕ್ಕಳಲ್ಲಿ ಎಲ್ಲರಿಗಿಂತ ಸಣ್ಣಗಿದ್ದ ಹುಡುಗಿಯೊಬ್ಬಳು ಉತ್ತರದ ಹಾಳೆಯ ನಕಲಿನಲ್ಲಿ ಹುರುಳಿಕಾಳಿನಷ್ಟು ವೃತ್ತಗಳನ್ನು ಬಾಲ್‌ಪೆನ್ನಿನಿಂದ ತುಂಬುತ್ತ ಕುಳಿತಿದ್ದಳು. ಗೆರೆಯಾಚೆಗೆ ಮಸಿ ಹೋಗಬಾರದೆಂದು ಅವಳು ನಾಲಿಗೆಯನ್ನು ಕಚ್ಚಿಕೊಂಡಿದ್ದ ಪರಿಯನ್ನು ನೋಡಿದರೆ ರಂಗೋಲಿ ಇಡುತ್ತಿರುವಳೆಂದು ತೋರುತ್ತಿತ್ತು. ಅವಳನ್ನು ಮಾತಿಗೆಳೆಯಲು, “ಕನ್ನಡಿಯಲ್ಲಿ ನೋಡಿದಾಗ ಗಡಿಯಾರ ಮೂರು ಗಂಟೆ ತೋರಿಸಿದರೆ ನಿಜವಾಗಿ ಎಷ್ಟು ಗಂಟೆಯಮ್ಮ?” ಎಂದು ಕೇಳಿದೆ.

“ಒಂಬತ್ತು ಸಾರ್” ಎಂದಳು, ತಲೆಯೆತ್ತದೆ.

“3, 7, 15, 31. ಮುಂದಿನದು?”

“ಅರವತ್ತಮೂರು. ಇದು ಸುಲಭ ಸಾರ್. ದಿನಾಂಕ ಕೊಟ್ಟು ಯಾವ ವಾರ ಅಂತ ಕೇಳ್ತಾರಲ್ಲ, ಅದೇ ಕಷ್ಟ.”

ಮಕ್ಕಳು ಮಲಗಿದ ಮೇಲೆ ಮೇಷ್ಟ್ರು ಜಗಲಿಯ ಮೇಲೆ ಕುಳಿತು ಅವಳ ವಿಷಯ ಹೇಳಿದರು. ಅವಳ ಅಕ್ಕನೂ ಇಷ್ಟೇ ಚುರುಕಾಗಿದ್ದಳು. ಎಸ್.ಎಸ್.ಎಲ್.ಸಿ. ಪಾಸಾದಳು. ಪಿ.ಯು. ಕಾಲೇಜು ಪಟ್ಟಣದಲ್ಲಿ; ಬಸ್ಸು, ಪುಸ್ತಕ, ಬಟ್ಟೆಬರೆಯ ಖರ್ಚು. ಅಕ್ಕ ಓದು ಬಿಟ್ಟು ಈಗ ತಾಯಿಯೊಡನೆ ಅಡಿಕೆ ಸುಲಿಯಲು ಹೋಗುತ್ತಾಳೆ. “ಅವಳಿಗೂ ಈ ಪರೀಕ್ಷೆ ಇತ್ತು. ಅರ್ಜಿ ಹಾಕಬೇಕು ಅನ್ನೋದು ಆ ವರ್ಷ ಆ ಮನೆಗೆ ಯಾರೂ ಹೇಳಲಿಲ್ಲ. ನಾನು ಕಾಯಿಲೆ ಬಿದ್ದು ರಜೆ ಮೇಲಿದ್ದೆ. ಕಡೇ ತಾರೀಖು ಕಳೆದುಹೋಯಿತು” ಎಂದು ಹೇಳಿ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, “ಪರೀಕ್ಷೆಯಲ್ಲಿ ಫೇಲಾಗೋ ಮಕ್ಕಳ ಲೆಕ್ಕ ಸರ್ಕಾರದ ಹತ್ತಿರ ಇರುತ್ತೆ. ಪರೀಕ್ಷೆಗೇ ಕೂರದ ಮಕ್ಕಳ ಲೆಕ್ಕ ಯಾರ ಹತ್ತಿರ ಇದೆ ಹೇಳಿ?” ಎಂದರು. ನಿವೃತ್ತಿಯ ಮೇಲೂ ಈ ಮನುಷ್ಯನಿಗೆ ಪರೀಕ್ಷೆಯ ಜ್ವರ ಏಕೆ ಬಿಡದೆಂಬುದು ಆಗ ನನಗೆ ಅರ್ಥವಾಯಿತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೊಸದುರ್ಗಕ್ಕೆ ಹೊರಟೆವು. ಮೇಷ್ಟ್ರು ಮೂರು ಸಲ ಎಣಿಸಿದರು: ಮಕ್ಕಳು ಐದು, ಪ್ರವೇಶಪತ್ರ ಐದು, ಪೆನ್ನು ಹತ್ತು. ಪರೀಕ್ಷೆಯ ಕೇಂದ್ರದ ಮುಂದೆ ಜಾತ್ರೆಯಂತೆ ಜನ ಸೇರಿತ್ತು. ಹಳ್ಳಿಹಳ್ಳಿಗಳಿಂದ ಶಿಕ್ಷಕರು ಬಾಡಿಗೆಯ ಗಾಡಿಗಳಲ್ಲಿ ಮಕ್ಕಳನ್ನು ತುಂಬಿಕೊಂಡು ತಂದಿದ್ದರು. ಕೆಲವರು ಬಾಡಿಗೆಯನ್ನು ತಮ್ಮ ಜೇಬಿನಿಂದಲೇ ಕೊಟ್ಟಿದ್ದರೆಂದು ಕೇಳಿದೆ. ಗಂಟೆ ಬಾರಿಸಿತು, ಮಕ್ಕಳು ಒಳಗೆ ಹೋದರು, ಹೊರಗೆ ಮರದ ನೆರಳಿನಲ್ಲಿ ನಮ್ಮ ಕಾಯುವಿಕೆ ಮೊದಲಾಯಿತು.

ಆ ಹುಡುಗಿಯ ತಂದೆಯೂ ಬಂದಿದ್ದರು. ತೆಂಗಿನಕಾಯಿ ಕೀಳುವ ಕೆಲಸದವರು. ಅಂಗೈಯೆಲ್ಲ ಗಂಟುಗಂಟು. ವರ್ಷಕ್ಕೆ 12,000 ಎಂದರೆ ತಿಂಗಳಿಗೆ ಒಂದು ಸಾವಿರ; ಇಷ್ಟರಿಂದ ಒಂದು ಸಂಸಾರಕ್ಕೆ ಏನಾದೀತೆಂಬ ಸಂದೇಹ ನನಗಿತ್ತು. ಕೇಳಬಾರದೆಂದುಕೊಂಡೇ ಕೇಳಿದೆ.

“ಸಂಸಾರಕ್ಕೆ ಅಲ್ಲ ಸಾಮಿ” ಎಂದರು ಅವರು. “ಅವಳ ಹೆಸರಿಗೆ ದುಡ್ಡು ಬತ್ತದೆ ಅಂದ್ರೆ, ಸ್ಕೂಲು ಬಿಡಿಸು ಅಂತ ಮನೇಲಿ ಯಾರೂ ಬಾಯಿ ಬಿಡಾಕಿಲ್ಲ. ದೊಡ್ಡೋಳಿಗೆ ಅಂಗಾಗಲಿಲ್ಲ.”

ಈ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಅಕ್ಕನಿಗಾದದ್ದು ತಂಗಿಗಾಗಬಾರದೆಂದು ಆತ ಅಂದಿನ ಕೂಲಿಯನ್ನು ಬಿಟ್ಟು ಬಂದಿದ್ದರು. ನಿಯಮಗಳೇನೂ ಸಡಿಲವಲ್ಲ. ಹತ್ತನೆಯ ತರಗತಿಯಲ್ಲಿ ನೂರಕ್ಕೆ 60 ಅಂಕ ಬಾರದಿದ್ದರೆ ಪಿ.ಯು.ಸಿ.ಯ ಎರಡು ವರ್ಷಗಳ ಹಣ ನಿಲ್ಲುತ್ತದೆ. ಪರಿಶಿಷ್ಟರಿಗೆ 5 ಅಂಕದ ರಿಯಾಯಿತಿಯುಂಟು. ಪ್ರತಿ ವರ್ಷವೂ ನವೀಕರಣ ಮಾಡಿಸಬೇಕು. ತಂದೆಗೆ ಇದೆಲ್ಲ ಬಾಯಿಪಾಠವಾಗಿತ್ತು.

ಮರದ ಇನ್ನೊಂದು ಬದಿಯಲ್ಲಿ ಸಿ.ಇ.ಟಿ.ಯ ಮಾತು ನಡೆದಿತ್ತು. ಒಬ್ಬರ ಹಿರಿಯ ಮಗ ಅದನ್ನು ಬರೆಯುವವನಿದ್ದ. ನಮ್ಮ ರಾಜ್ಯದಲ್ಲಿ ಈ ಮೂರಕ್ಷರಗಳಿಗೆ ಇರುವ ಗೌರವಕ್ಕೆ ಕಾರಣವುಂಟು. ಹಿಂದೆ ಇಂಜಿನಿಯರಿಂಗ್, ವೈದ್ಯಕೀಯ ಸೀಟುಗಳನ್ನು ಕ್ಯಾಪಿಟೇಷನ್ ಶುಲ್ಕವೆಂಬ ಹೆಸರಿನಲ್ಲಿ ಹಣವಂತರು ಕೊಳ್ಳುತ್ತಿದ್ದರು. ಕರ್ನಾಟಕದ ಇಂಥದೇ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ 1992ರಲ್ಲಿ, ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿ 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು. ಮರುವರ್ಷ, 1994ರಲ್ಲಿ, ಸಿ.ಇ.ಟಿ. ಆರಂಭವಾಯಿತು. ವಿಷಯಕ್ಕೆ 60 ಪ್ರಶ್ನೆಗಳು. ಇಂಜಿನಿಯರಿಂಗಿಗೆ ಅದರ ಅಂಕ ಅರ್ಧ, ಪಿ.ಯು.ಸಿ.ಯ ಅಂಕ ಅರ್ಧ. ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ 5 ಸೀಟುಗಳ ಮೀಸಲಾತಿ. ರೈತನ ಮಗನೊಬ್ಬ ರ್‍ಯಾಂಕಿನ ಕಾಗದವೊಂದನ್ನೇ ಹಿಡಿದು ದೊಡ್ಡ ಕಾಲೇಜಿನ ಮೆಟ್ಟಿಲು ಹತ್ತುವ ಸಂಗತಿ ಅದರಿಂದ ಸಾಧ್ಯವಾಯಿತು. ಈಗ ಕೋಚಿಂಗಿನ ಖರ್ಚು ಹಳೆಯ ಕ್ಯಾಪಿಟೇಷನ್ನಿನ ತಮ್ಮನಂತೆ ಬೆಳೆಯುತ್ತಿರುವುದನ್ನೂ ಹೇಳದೆ ಬಿಡಲಾಗದು. ಆ ಗೃಹಸ್ಥರು ಮಗನ ಕೋಚಿಂಗಿಗಾಗಿ ಎರಡು ಹಸು ಮಾರಿದ್ದರು.

ಸಂಜೆ ಮಕ್ಕಳು ಹೊರಬಂದರು. ನಮ್ಮ ಹುಡುಗಿ, “ವಾರದ ಪ್ರಶ್ನೆ ಬಂದಿತ್ತು ಸಾರ್” ಎಂದಷ್ಟೇ ಹೇಳಿ ಬೋಂಡಾದ ಅಂಗಡಿಯತ್ತ ನೋಡಿದಳು. ಮೇಷ್ಟ್ರು ಎಲ್ಲರಿಗೂ ಕೊಡಿಸಿದರು.

ಮರುದಿನ ಮೇಷ್ಟ್ರೊಡನೆ ಹಿರಿಯೂರಿನ ಕಡೆಗೆ ಹೋದೆ. ವೇದಾವತಿಗೆ ಅಡ್ಡಲಾಗಿ ಮಾರಿ ಕಣಿವೆಯಲ್ಲಿ ಮೈಸೂರಿನ ಅರಸರು 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು ಎರಡು ಗುಡ್ಡಗಳ ನಡುವೆ ಮಲಗಿದೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಇದು ಮತ್ತೆ ಕೋಡಿ ಬಿದ್ದುದು 2022ರಲ್ಲಿ! ನಡುವೆ ಎರಡು ಮೂರು ತಲೆಮಾರುಗಳು ಕೋಡಿಯನ್ನು ಕಾಣದೆಯೇ ಕಳೆದುಹೋದವು. 2025ರ ಜನವರಿಯಲ್ಲಿ ಪುನಃ ತುಂಬಿ ಹರಿದಾಗ ಸುತ್ತಲಿನ ಊರುಗಳ ಜನ ಗಾಡಿ ಕಟ್ಟಿಕೊಂಡು ಬಂದರಂತೆ. “ನಮ್ಮಪ್ಪ ಇದು ತುಂಬುತ್ತೆ ಅಂತ ಕಾಯುತ್ತಲೇ ಹೋದರು” ಎಂದರು ಮೇಷ್ಟ್ರು.

ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಬೆಳೆಸಿದ ಈ ವಸತಿಶಾಲೆಗಳಿಗೆ ಆರನೆಯ ತರಗತಿಗೆ ಸೇರಲು ಐದನೆಯ ತರಗತಿಯ ಮಗು ಪರೀಕ್ಷೆ ಬರೆಯಬೇಕು: ಎರಡು ಗಂಟೆ, 80 ಪ್ರಶ್ನೆ, ಹೆಚ್ಚೆಂದರೆ 80 ಸೀಟು. ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೆ, ಮೂರನೆಯ ಒಂದು ಭಾಗವಾದರೂ ಹುಡುಗಿಯರಿಗೆ. ಪ್ರಶ್ನೆಗಳು ಕನ್ನಡದಲ್ಲಿಯೂ ಇರುತ್ತವೆ. ಗೆದ್ದವರಿಗೆ ಊಟ, ವಸತಿ, ಪುಸ್ತಕ ಎಲ್ಲವೂ ಇದೆ. ಆದರೆ ಈ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಹತ್ತು ವರ್ಷದ ಮಗುವಿಗೆ ಆ ದಿನ ಜ್ವರ ಬಂದರೆ ಮುಗಿಯಿತು. ಇದು ನನಗೆ ಸರಿಯೆನಿಸಲಿಲ್ಲ. ದೊಡ್ಡವರಿಗೆ ಇರುವ ಎರಡನೆಯ ಅವಕಾಶ ಮಕ್ಕಳಿಗೇಕಿರಬಾರದು? ದ್ವಾರದಾಚೆ ಆಟದ ಬಯಲಿನಲ್ಲಿ ಮಕ್ಕಳ ಕೂಗು ಕೇಳುತ್ತಿತ್ತು. ಮೇಷ್ಟ್ರ ಶಾಲೆಯಿಂದ ಈ ದ್ವಾರವನ್ನು ದಾಟಿದ ಒಬ್ಬ ಹುಡುಗ ಈಗ ಇಂಜಿನಿಯರನಂತೆ. “ಆ ವರ್ಷ ಅವನಿಗಿಂತ ಚುರುಕಾದವನೊಬ್ಬ ಇದ್ದ. ಅವನ ಪ್ರಮಾಣಪತ್ರ ಸಮಯಕ್ಕೆ ಸಿಗಲಿಲ್ಲ” ಎಂದು ಮೇಷ್ಟ್ರು ಮೆಲ್ಲಗೆ ಸೇರಿಸಿದರು.

ಚಳ್ಳಕೆರೆಯ ಕಡೆಗೆ ಹೋಗಲು ವೇಳೆ ಸಾಲಲಿಲ್ಲ. ಆ ತಾಲ್ಲೂಕಿನ ತಳುಕಿನವರು ಪ್ರೊಫೆಸರ್ ಟಿ. ಎಸ್. ವೆಂಕಣ್ಣಯ್ಯನವರು. ಅದೇ ತಾಲ್ಲೂಕಿನ ಕುದಾಪುರದಲ್ಲಿ, ಹಿಂದೆ ಅಮೃತಮಹಲ್ ಕಾವಲಾಗಿದ್ದ ನೆಲದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ಸುಮಾರು 1,500 ಎಕರೆಯಲ್ಲಿ ಹರಡಿದೆ. ದನ ಕುರಿ ಮೇಯಿಸುತ್ತಿದ್ದವರ ತಕರಾರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಅಲ್ಲಿ ಪ್ರೌಢಶಾಲೆ ಹಾಗೂ ಪಿ.ಯು. ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ; ಒಳ್ಳೆಯ ಕೆಲಸ. ಅದೇ ಸಂಸ್ಥೆಯು 1999ರಿಂದ ನಡೆಸುತ್ತಿದ್ದ ‘ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ’ಯ ವಿದ್ಯಾರ್ಥಿವೇತನದ ಪರೀಕ್ಷೆ 2022ರಲ್ಲಿ ನಿಂತುಹೋಯಿತು. ಅದು ನಡೆಯುತ್ತಿದ್ದಾಗಲೂ ಪ್ರಶ್ನೆಗಳು ಇಂಗ್ಲಿಷು, ಹಿಂದಿಗಳಲ್ಲಿ ಮಾತ್ರ ಇದ್ದವು. ಕುದಾಪುರದ ಮಗ್ಗುಲಿನ ಕನ್ನಡ ಶಾಲೆಯ ಹುಡುಗನಿಗೆ ಅದು ಎಟುಕುವಂತಿರಲಿಲ್ಲ. 1963ರಲ್ಲಿ ದಿಲ್ಲಿಯಲ್ಲಿ ಹತ್ತು ವಿದ್ಯಾರ್ಥಿವೇತನಗಳೊಂದಿಗೆ ಆರಂಭವಾಗಿ ದೇಶವನ್ನೆಲ್ಲ ವ್ಯಾಪಿಸಿದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆಯ ಪರೀಕ್ಷೆಯೂ 2021ರ ಬಳಿಕ ತಡೆಹಿಡಿಯಲ್ಪಟ್ಟಿದೆ. ದೊಡ್ಡ ಹೊಂಡಗಳು ಹೀಗೆ ಬತ್ತಿದ ಮೇಲೆ, ಎಂಟನೆಯ ತರಗತಿಯವರಿಗೆ ತಿಂಗಳಿಗೆ ಸಾವಿರ ರೂಪಾಯಿ ಕೊಡುವ ಈ ಚಿಕ್ಕದೇ ಹಳ್ಳಿಯ ಪಾಲಿಗೆ ಉಳಿದಿದೆ.

ನಾನು ಊರಿಗೆ ಮರಳಿದೆ. ತಿಂಗಳುಗಳ ಮೇಲೆ ಮೇಷ್ಟ್ರ ಕರೆ ಬಂದಿತು. ಐವರಲ್ಲಿ ನಾಲ್ವರು ತೇರ್ಗಡೆ. ಜಿಲ್ಲೆಯ ಆಯ್ಕೆಪಟ್ಟಿಯಲ್ಲಿ ಇಬ್ಬರು. ಆ ಸಣ್ಣ ಹುಡುಗಿಯೂ ಒಬ್ಬಳು. ನಾನು ಸಂತೋಷ ಸೂಚಿಸುವಷ್ಟರಲ್ಲಿ, “ತಾಳಿ, ತಾಳಿ” ಎಂದರು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವಳ ಹೆಸರಿನ ಕಡೆಯ ಅಕ್ಷರಕ್ಕೆ ದೀರ್ಘವಿದೆ. ಆಧಾರ್ ಕಾರ್ಡಿನಲ್ಲಿ ಇಲ್ಲ. ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಹೆಸರಿನ ಹಿಂದೆ ತಂದೆಯ ಹೆಸರಿನ ಮೊದಲಕ್ಷರವೂ ಸೇರಿಕೊಂಡಿದೆ. ಮೂರೂ ಒಂದಾಗದೆ ಗಣಕಯಂತ್ರವು ಅವಳನ್ನು ಗುರುತಿಸದು; ನೋಂದಣಿಗೆ ಉಳಿದಿದ್ದುದು ಹದಿನೇಳು ದಿನ. 180 ಪ್ರಶ್ನೆಗಳನ್ನು ಎದುರಿಸಿ ಬಂದವಳು ತನ್ನ ಹೆಸರಿನ ಮುಂದೆ ನಿಂತುಬಿಟ್ಟಿದ್ದಳು.

ಮೇಷ್ಟ್ರು, ತಂದೆ, ಹುಡುಗಿ ಮೂವರೂ ನಾಲ್ಕು ದಿನ ಪಟ್ಟಣಕ್ಕೆ ಅಲೆದರು. ಎರಡು ದಿನ ಸಾಲು ಮುಗಿಯಲಿಲ್ಲ. ಒಂದು ದಿನ ವಿದ್ಯುಚ್ಛಕ್ತಿ ಇರಲಿಲ್ಲ. ನಾಲ್ಕನೆಯ ದಿನ ಕೆಲಸವಾಯಿತು. ತಂದೆಗೆ ನಾಲ್ಕು ದಿನದ ಕೂಲಿ ಹೋಯಿತು. ತಿದ್ದಿದ ಕಾಗದವನ್ನು ಕೈಗೆ ಕೊಟ್ಟಾಗ ಹುಡುಗಿಯು ಅದನ್ನು ಬೆಳಕಿಗೆ ಹಿಡಿದು, ಕಡೆಯ ಅಕ್ಷರದ ದೀರ್ಘವನ್ನು ಬೆರಳಿನಿಂದ ಮುಟ್ಟಿ ನೋಡಿದಳಂತೆ.

“ಈಗ ಅವಳ ಅಕ್ಕ ಬಂದು ಕೂತಿದ್ದಾಳೆ ಸ್ವಾಮಿ” ಎಂದರು ಮೇಷ್ಟ್ರು. “ಓದು ಬಿಟ್ಟು ಎರಡು ವರ್ಷ ಆಯ್ತು, ಪಿ.ಯು.ಸಿ.ಗೆ ಖಾಸಗಿಯಾಗಿ ಕಟ್ಟಬಹುದಾ ಅಂತ ಕೇಳ್ತಾಳೆ. ಅರ್ಜಿಗೆ ಕಡೇ ತಾರೀಖು ಯಾವಾಗ ಅಂತ ಸ್ವಲ್ಪ ವಿಚಾರಿಸಿ ಹೇಳ್ತೀರಾ?”